ಬಾವಿಗೆ ದಾರಿ ಬಿಟ್ಟ ಚರ್ಚು

"ಗುರುಗಳೇ, ಮುಂಜಾನೆ ಜಪಕ್ಕೆ ಕೂತಿದ್ದೆ. ಬಾಗಿಲಲ್ಲಿ ಯಾರೋ ನೀರು ಕೇಳಿದರು. ನಾನು ಏಳಲಿಲ್ಲ. ನನ್ನ ನಿಯಮ ನೆಟ್ಟಗೆ ಉಳಿಯಿತಲ್ಲವೇ?" ಎಂದು ಶಿಷ್ಯ ಕೇಳಿದ. ಕೇಳುವಾಗ ಮುಖದಲ್ಲಿ ಕೊಂಚ ಹೆಮ್ಮೆಯೂ ಇತ್ತು.

"ನೆಟ್ಟಗೆ ಅಂದೆಯಲ್ಲ, ಒಬ್ಬ ಮೇಸ್ತ್ರಿಯ ನೆನಪಾಯಿತು. ಕೇಳು" ಎಂದು ಗುರುಗಳು ಕತೆ ಹೇಳಿದರು.

ವಿಕ್ಟೋರಿಯಾ ರಾಣಿಯ ಕಾಲ. ಬ್ರಿಟಿಷರ ದಂಡಿನ ಪೇಟೆಯೊಂದರಲ್ಲಿ ಒಬ್ಬ ಮೇಸ್ತ್ರಿ ಇದ್ದ. ಅವನು ಎಬ್ಬಿಸಿದ ಗೋಡೆಗೆ ದಾರ ಹಿಡಿದು ನೋಡಿದರೆ ಕೂದಲೆಳೆಯಷ್ಟೂ ವ್ಯತ್ಯಾಸ ಸಿಗುತ್ತಿರಲಿಲ್ಲ. ಅದೇ ಅವನ ಆಸ್ತಿ, ಅದೇ ಅವನ ಜಂಬ. ಅಲ್ಲಿಯ ಪಾದ್ರಿ ಚರ್ಚು ಕಟ್ಟಿಸಲು ಹೊರಟಾಗ ಬೇರೆ ಯಾರನ್ನೂ ಕೇಳದೆ ಅವನನ್ನೇ ಕರೆಸಿದ. ನಕ್ಷೆ ಇಂಗ್ಲೆಂಡ್ ಸೀಮೆಯಿಂದ ಬಂದಿತ್ತು. ಪಡುವಲಿಗೆ ಬಾಗಿಲು, ಮೂಡಲಿಗೆ ಪೂಜೆಯ ಪೀಠ, ನಡುವೆ ಬಾಣ ಬಿಟ್ಟಂಥ ನೇರ. ಪೀಠ ಬರುವ ಜಾಗದಲ್ಲಿ ಹಳೆಯ ಬಾವಿಯೊಂದಿತ್ತು. ಮುಚ್ಚಿದರಾಯಿತು ಎಂದುಕೊಂಡು ಬಾಗಿಲ ಕಡೆಯಿಂದ ಕೆಲಸ ಶುರುಮಾಡಿದರು.

ಅರ್ಧ ಚರ್ಚು ಎದ್ದ ಮೇಲೆ ಬಾವಿ ಮುಚ್ಚಲು ಅದರ ಪಕ್ಕದಲ್ಲಿ ಮಣ್ಣಿನ ರಾಶಿ ಬಿತ್ತು. ಅದನ್ನು ಕಂಡು ಚಪ್ಪಲಿ ಹೊಲಿಯುವವರ ಕೇರಿಯ ಮುದುಕಿಯೊಬ್ಬಳು ಬರಿಗೊಡ ಹಿಡಿದು ಪಾದ್ರಿಯ ಎದುರು ನಿಂತಳು. "ಊರ ಬಾವಿಗೆ ನಮ್ಮನ್ನ ಸೇರಿಸೋದಿಲ್ಲ ಬುದ್ಧಿ. ಇದೂ ಹೋದರೆ ನಮ್ಮ ಕೇರಿ ಏನು ಕುಡೀಬೇಕು?"

ಸಂಜೆ ಪಾದ್ರಿ ಮೇಸ್ತ್ರಿಯನ್ನು ಕರೆದು, ಬಾವಿ ಇರಲಿ, ಉಳಿದರ್ಧ ಚರ್ಚನ್ನೇ ಎಡಕ್ಕೆ ತಿರುಗಿಸಿ ಕಟ್ಟು ಎಂದ.

ಮೇಸ್ತ್ರಿಗೆ ಮೈಯೆಲ್ಲ ಉರಿಯಿತು. "ದೇವರ ಮನೆ ಡೊಂಕಾದರೆ ಜನ ನಿಮ್ಮನ್ನು ನೋಡಿ ನಗೋದಿಲ್ಲ ದೊರೆ, ನನ್ನನ್ನು ನೋಡಿ ನಗುತ್ತಾರೆ. ಆಮೇಲೆ ಒಂದು ಗೋಡೆ ಕಟ್ಟೋಕೆ ನನ್ನ ಯಾರು ಕರೀತಾರೆ?"

"ಗೊತ್ತು. ಆದರೂ ಕಟ್ಟಪ್ಪ" ಎಂದ ಪಾದ್ರಿ.

ಒಪ್ಪಿಕೊಂಡ ಕೆಲಸ, ಹಲ್ಲು ಕಚ್ಚಿಕೊಂಡು ಮುಗಿಸಿದ. ಚರ್ಚು ಸೊಂಟ ಮುರಿದವರ ಹಾಗೆ ನಡುವಿನಿಂದ ಎಡಕ್ಕೆ ಬಾಗಿತು. ಅವನು ಹೆದರಿದ್ದೇ ಆಯಿತು. ಕಟ್ಟಲಾರದವನಿಗೆ ನೆಲ ಡೊಂಕು ಎಂದು ಪೇಟೆಯೆಲ್ಲ ಆಡಿಕೊಂಡಿತು. ಊರ ಬಾಯಿಗೆ ಬೀಗ ಹಾಕುವವರು ಯಾರು? ಡೊಂಕು ಮೇಸ್ತ್ರಿ ಎಂಬ ಹೆಸರು ಹೊತ್ತು ಅವನು ಊರು ಬಿಟ್ಟ. ಪಾದ್ರಿಯನ್ನೂ ಮುದುಕಿಯನ್ನೂ ಬಹಳ ಕಾಲ ಶಪಿಸಿದ.

ತಲೆ ನರೆತ ಮೇಲೆ ಯಾವುದೋ ಕೆಲಸಕ್ಕೆಂದು ಅದೇ ದಾರಿಯಲ್ಲಿ ಬಂದ. ಬೇಸಗೆ, ಗಂಟಲು ಒಣಗಿತ್ತು. ಚರ್ಚಿನ ಪಕ್ಕದ ಆ ಬಾವಿಯಲ್ಲಿ ನೀರು ಸೇದುತ್ತಿದ್ದ ಹೆಂಗಸು ಅವನು ಕೇಳುವ ಮೊದಲೇ ಬೊಗಸೆಗೆ ನೀರು ಹೊಯ್ದಳು. ಯಾವ ಕೇರಿ ಎಂದು ಅವಳೂ ಕೇಳಲಿಲ್ಲ, ಅವನೂ ಕೇಳಲಿಲ್ಲ. ಕುಡಿದು ತಲೆ ಎತ್ತಿದ. ಚರ್ಚಿನ ಆ ಡೊಂಕು ಗೋಡೆಯನ್ನು ಅವನು ಬಾಗಿಲ ಕಡೆಯಿಂದ ನೋಡಿ ನಾಚಿದ್ದನೇ ಹೊರತು ಬಾವಿಯ ಕಡೆಯಿಂದ ಎಂದೂ ನೋಡಿರಲಿಲ್ಲ. ಕೊಡ ಹೊತ್ತವರಿಗೆ ದಾರಿ ಬಿಟ್ಟು, ಒಂದು ಹೆಜ್ಜೆ ಸರಿದು ನಿಂತ ಹಿರಿಯರ ಹಾಗೆ ಅದು ಕಂಡಿತು. ಅಭ್ಯಾಸಬಲದಿಂದ ಸಂಚಿಯೊಳಗಿನ ದಾರ ತೆಗೆದ. ಗೋಡೆಗೆ ಹಿಡಿಯಲಿಲ್ಲ, ಸುತ್ತಿ ಮತ್ತೆ ಒಳಗಿಟ್ಟ. ಕಣ್ಣು ತುಂಬಿ ಬಂದಿತ್ತು.

ಗುರುಗಳು ಕತೆ ಮುಗಿಸಿದರು. ಶಿಷ್ಯ, "ಹಾಗಾದರೆ ನನ್ನ ನಿಯಮ?" ಎಂದ.

"ನೀರು ಕೇಳಿದವರು ಆಮೇಲೆ ಯಾವ ಕಡೆ ಹೋದರಪ್ಪ?" ಎಂದರು ಗುರುಗಳು.

ಶಿಷ್ಯ ಬಾಗಿಲ ಕಡೆ ನೋಡಿದ. ಎದ್ದು ನೀರಿನ ತಂಬಿಗೆ ತೆಗೆದುಕೊಂಡು ಹೊರಟ.