ಹಾವಿಲ್ಲದ ಹಾವಿನಾಟ

ಕಾಡಿನ ವಿಶ್ವವಿದ್ಯಾಲಯದಲ್ಲಿ ಮೊಲಗಳಿಗೆ ಹಾವಿನ ಪಾಠ ಹೇಳುತ್ತಿದ್ದ ಮುಂಗುಸಿ ಮೇಡಂ ಒಂದು ಕಂಪ್ಯೂಟರ್ ಆಟ ತಯಾರಿಸಿದರು. ಪರದೆಯ ಮೇಲೆ ಹಾವು ಬುಸ್ಸೆಂದು ನುಗ್ಗುತ್ತಿತ್ತು. ನೆಗೆಯಲು ತಡಮಾಡಿದವರು ಸೋತು ಮೊದಲಿನಿಂದ ಆಡಬೇಕಿತ್ತು. ಪಾಠದಲ್ಲಿ ತೂಕಡಿಸುತ್ತಿದ್ದ ಮೊಲಗಳು ಊಟ ಬಿಟ್ಟು ಆಡಿ ನೆಗೆಯುವುದನ್ನು ಕಲಿತವು.

ಮೊಲಗಳ ನಗು ಕೇಳಿ ಕುಲಪತಿ ಗೂಬೆ ಗಾಬರಿಯಿಂದ ಹಾರಿಬಂದರು.

“ಸೋತವರು ಮತ್ತೆ ಆಡಬಹುದಾದರೆ ನಾವು ನಪಾಸು ಮಾಡುವುದು ಯಾರನ್ನಮ್ಮ?”

“ಸರ್, ಇಲ್ಲಿ ಸೋತು ಕಲಿತವರು ಹೊರಗೆ ಬದುಕುತ್ತಾರೆ.”

“ಬದುಕುವುದು ಪಠ್ಯಕ್ರಮದಲ್ಲಿಲ್ಲ. ಆದರೆ ನಾನು ತಂತ್ರಜ್ಞಾನದ ವಿರೋಧಿಯಲ್ಲ. ಆಟವನ್ನು ಸ್ವಲ್ಪ ಸುಧಾರಿಸೋಣ.”

ಸಮಿತಿ ಕೂತು ಸುಧಾರಿಸಿತು. ಮೊದಲು ಕುಲಪತಿಗಳ ಸಂದೇಶ ಸೇರಿತು, ಆಮೇಲೆ ಸರ್ಪಕುಲದ ಇತಿಹಾಸ, ಅದರ ಬೆನ್ನಿಗೆ ಪ್ರಶ್ನೋತ್ತರ. ಸ್ಥಳಾಭಾವದಿಂದ ಹಾವನ್ನು ಕೈಬಿಡಲಾಯಿತು. ಮುಂಗುಸಿ ಮೇಡಂ ಅವರನ್ನು ಗ್ರಂಥಾಲಯಕ್ಕೆ ವರ್ಗ ಮಾಡಿದರು. ಮೊಲಗಳು ಪರದೆಯ ಮುಂದೆ ಮತ್ತೆ ತೂಕಡಿಸತೊಡಗಿದವು.

“ಈಗ ನೋಡಿ, ಪಾಠದ ಹಾಗಿದೆ!” ಎಂದು ಗೂಬೆ ಹಿಗ್ಗಿದರು.

ಅಷ್ಟರಲ್ಲಿ ಕಿಟಕಿಯಿಂದ ನಿಜವಾದ ನಾಗರಹಾವು ಬುಸ್ಸೆನ್ನುತ್ತ ಇಳಿಯಿತು. ಹಳೆಯ ಆಟ ಆಡಿದ್ದ ಮೊಲಗಳು ಕಣ್ಣು ಬಿಡುವ ಮೊದಲೇ ನೆಗೆದು ಬಾಗಿಲು ದಾಟಿದವು.

ಹಗಲಿನಲ್ಲಿ ಕಣ್ಣು ಸರಿಯಾಗಿ ಕಾಣದ ಗೂಬೆ ಕೂಗಿದರು: “ಅಶಿಸ್ತು! ಓಡಿದವರೆಲ್ಲ ನಪಾಸು! ಒಳಗೆ ಯಾರಾದರೂ ಉಳಿದಿದ್ದೀರಾ?”

“ನಾನಿದ್ದೇನೆ ಸರ್,” ಎಂದಿತು ಹಾವು ಬಹಳ ವಿನಯದಿಂದ.

“ಭೇಷ್! ವಿದ್ಯಾರ್ಥಿ ಅಂದರೆ ಹೀಗಿರಬೇಕು,” ಎಂದು ಕುಲಪತಿಗಳು ಚಿನ್ನದ ಪದಕ ಹಿಡಿದು, ಅದರ ಕೊರಳಿಗೆ ತಾವೇ ಹಾಕಲು ಹತ್ತಿರ ಹೋದರು.