ಇಳಿಸದ ನೊಗ

"ಗುರುಗಳೇ, ಈ ಎಡಿಟರ್ ನನ್ನ ಮಾತನ್ನು ಯಾಕೆ ಕೇಳುವುದಿಲ್ಲ?" ಎಂದು ನೀಲಾಂಬಿಕೆ ಕೇಳಿದಳು.

ಪ್ರೋಗ್ರಾಂ ಬರೆಯುವ ಆ ಎಡಿಟರ್‌ನ ಪದ್ಧತಿಯೇ ಬೇರೆ. ಬರೆಯುವ ಸ್ಥಿತಿಯಲ್ಲಿ ಒತ್ತಿದ ಕೀ ಅಕ್ಷರವಾಗಿ ಮೂಡುತ್ತದೆ. ಆಜ್ಞೆಯ ಸ್ಥಿತಿಯಲ್ಲಿ ಅದೇ ಕೀ ಸಾಲನ್ನು ಅಳಿಸುತ್ತದೆ, ಇಲ್ಲವೇ ಇನ್ನೆಲ್ಲಿಗೋ ಒಯ್ದುಬಿಡುತ್ತದೆ. ಸ್ಥಿತಿ ಬದಲಿಸಲು ಬೇರೆಯೇ ಒಂದು ಕೀ ಇದೆ. ನೀಲಾಂಬಿಕೆ ನಲವತ್ತು ಆಜ್ಞೆಗಳನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿದ್ದಳು. ಆದರೂ ಬರೆಯಲು ಹೋದರೆ ಸಾಲುಗಳು ಮಾಯವಾಗುತ್ತಿದ್ದವು, ಅಳಿಸಲು ಹೋದರೆ ಅಕ್ಷರಗಳು ಮೂಡುತ್ತಿದ್ದವು. ಗಾಬರಿಯಲ್ಲಿ ಸಿಕ್ಕಸಿಕ್ಕ ಕೀ ಒತ್ತಿ, ಕೆಟ್ಟದ್ದನ್ನೇ ಸೇವ್ ಮಾಡಿ, ಎಂಟು ದಿನದ ಬರಹವನ್ನು ಕಳೆದುಕೊಂಡಿದ್ದಳು. ನಾಳೆ ಅದನ್ನು ಪರೀಕ್ಷೆಗೆ ಒಪ್ಪಿಸಬೇಕಿತ್ತು. ತಾನು ದಡ್ಡಿಯೋ, ಯಂತ್ರ ಕೆಟ್ಟಿದೆಯೋ ಅವಳಿಗೆ ತಿಳಿಯದಾಗಿತ್ತು. ಈ ವಿದ್ಯೆಯೇ ಬೇಡವೆಂದು ಹೇಳಿ ಹೋಗಲು ಬಂದಿದ್ದಳು.

ಗುರುಗಳು ಕತೆ ಹೇಳಿದರು.

ಒಬ್ಬ ರೈತ ಒಂದು ಜೋಡಿ ಎತ್ತು ಕೊಂಡ. ಅವು ಕಪಿಲೆ ಬಾವಿಯಲ್ಲಿ ಪಳಗಿದವು. ಅಲ್ಲಿ ಎತ್ತು ಮುಂದೆ ನಡೆದರೆ ನೀರು ತುಂಬಿದ ತೊಗಲ ಚೀಲ ಮೇಲೆ ಬರುತ್ತದೆ, ಹಿಂದೆ ನಡೆದರೆ ಖಾಲಿ ಚೀಲ ಬಾವಿಗೆ ಇಳಿಯುತ್ತದೆ. ಬಾವಿಯಲ್ಲಿ ನಾಲಿಗೆ ಲೊಚಗುಟ್ಟಿದರೆ ಹಿಂದೆ ನಡೆಯಬೇಕು, ಹೊಲದಲ್ಲಿ ಲೊಚಗುಟ್ಟಿದರೆ ಮುಂದೆ ನಡೆಯಬೇಕು. ಮಾರಿದ ಮುದುಕ ಎಲ್ಲ ಸನ್ನೆಗಳನ್ನೂ ಹೇಳಿಕೊಟ್ಟಿದ್ದ. ರೈತ ಒಂದನ್ನೂ ಮರೆತಿರಲಿಲ್ಲ.

ಎಡಿಟರ್ ಬಗ್ಗೆ ಕೇಳಿದರೆ ಎತ್ತು ಬಂತಲ್ಲ ಎಂದು ನೀಲಾಂಬಿಕೆ ಕಕ್ಕಾಬಿಕ್ಕಿಯಾದಳು. ಗುರುಗಳು ಅವಳ ಮುಖ ನೋಡಿದರೂ ನಿಲ್ಲಿಸಲಿಲ್ಲ.

ಹೊಲ ಹದಕ್ಕೆ ಬಂದಿತ್ತು. ಆ ದಿನ ತಪ್ಪಿದರೆ ಬಿತ್ತನೆಯೇ ತಪ್ಪುತ್ತಿತ್ತು. ರೈತ ಅವಸರದಲ್ಲಿ ಎತ್ತುಗಳನ್ನು ಬಾವಿಯಿಂದ ನೇರ ಹೊಲಕ್ಕೆ ಹೊಡೆದುಕೊಂಡು ಬಂದು ಬಿತ್ತುವ ಕೂರಿಗೆ ಕಟ್ಟಿದ. ಲೊಚಗುಟ್ಟಿದ. ಎತ್ತುಗಳು ಹಿಂದೆ ಸರಿದು ಕೂರಿಗೆಯನ್ನೇ ತುಳಿದವು. ಇನ್ನೂ ಜೋರಾಗಿ ಲೊಚಗುಟ್ಟಿದ. ಇನ್ನೂ ಹಿಂದೆ ಸರಿದವು. ಕೊನೆಗೆ ಬಾರುಕೋಲು ಎತ್ತಿದ. ಅಷ್ಟರಲ್ಲಿ ಮುದುಕ ಬಂದ.

"ನೊಗ ಇಳಿಸಿ ಮತ್ತೆ ಹೂಡಿದೆಯೇನಪ್ಪಾ?"

"ಅದಕ್ಕೆ ಹೊತ್ತೆಲ್ಲಿದೆ ಅಜ್ಜಾ? ಹಾಗೇ ಹೊಡೆದುಕೊಂಡು ಬಂದೆ. ಒಂದು ಮಾತೂ ಕೇಳುತ್ತಿಲ್ಲ ಇವು!"

"ನೊಗ ಇಳಿಸುವವರೆಗೆ ಇವಕ್ಕೆ ಇದೂ ಬಾವಿಯೇ" ಎಂದು ಮುದುಕ ನೊಗ ಇಳಿಸಿದ. ಎತ್ತುಗಳು ಮೈ ಕೊಡವಿಕೊಂಡು ನಿಂತವು. ಒಂದು ಗಳಿಗೆ ಬಿಟ್ಟು ಮತ್ತೆ ಹೂಡಿ, ಮೆಲ್ಲಗೆ ಲೊಚಗುಟ್ಟಿದ. ಎತ್ತುಗಳು ಮುಂದೆ ನಡೆದವು.

ಗುರುಗಳು ಅಲ್ಲಿಗೆ ಮುಗಿಸಿದರು. ನೀಲಾಂಬಿಕೆಗೆ ಎತ್ತಿನದು ಅರ್ಥವಾಯಿತು, ತನ್ನದು ಅರ್ಥವಾಗಲಿಲ್ಲ. ಅವಳಿಗೆ ಅಳುವೇ ಬಂತು.

"ಎತ್ತುಗಳೇನೋ ಕೊನೆಗೆ ಕೇಳಿದವು ಗುರುಗಳೇ. ನನ್ನ ಎಡಿಟರ್ ಒಂದು ಸಲವಾದರೂ ಕೇಳಬಾರದಿತ್ತೇ?"

"ನೀನು ಹೇಳಿದ್ದನ್ನು ಅದು ಒಂದೂ ಬಿಡದೆ ಕೇಳಿದೆ ತಾಯಿ, ಅದಕ್ಕೇ ನಿನ್ನ ಬರಹ ಹೋಯಿತು."