ಘನತೆಗೆ ತಕ್ಕ ಸಾಫ್ಟ್‌ವೇರ್

ಒಂದು ತಾಲ್ಲೂಕು ಕಚೇರಿ. ಅಲ್ಲಿನ ಕಂಪ್ಯೂಟರುಗಳೆಲ್ಲ ನಿವೃತ್ತಿ ವಯಸ್ಸಿನವು. ಗುತ್ತಿಗೆ ಮೇಲಿದ್ದ ಆಪರೇಟರ್ ಹೆಂಗಸು ಹುಡುಕಿ ಹುಡುಕಿ, ದೂರದವರ ಜೊತೆ ಮಾತಾಡಲು, ಸ್ಕ್ರೀನ್ ತೋರಿಸಲು ಒಂದು ಓಪನ್ ಸೋರ್ಸ್ ಸಾಫ್ಟ್‌ವೇರ್ ಹಾಕಿದಳು.

"ತುಂಬಾ ಹಗುರ ಸಾರ್. ಒತ್ತಿದ ಕೂಡಲೇ ತೆರೆಯುತ್ತೆ."

ತಹಶೀಲ್ದಾರರ ಮುಖ ಬಿಗಿಯಿತು. "ಹಗುರದ್ದಾ? ನಾಳೆ ಮೀಟಿಂಗಲ್ಲಿ ಡೀಸಿ ಸಾಹೇಬ್ರು ನನ್ನನ್ನ ಹಗುರವಾಗಿ ನೋಡ್ಲಿ ಅಂತಾನಾ? ನನ್ನ ಘನತೆಗೆ ತಕ್ಕದ್ದು ಹಾಕಮ್ಮ. ಇಲ್ಲಾಂದ್ರೆ ನಾಳೆಯಿಂದ ಬರ್ಬೇಡ."

ಅವಳು ಸಾಫ್ಟ್‌ವೇರ್ ಬದಲಿಸಲಿಲ್ಲ. ಅದರ ಮುಂದೆ ಒಂದು ಪುಟ ಕೂರಿಸಿದಳು: "ಮಾನ್ಯ ತಹಶೀಲ್ದಾರರ ಘನ ತಂತ್ರಾಂಶ ಸಿದ್ಧವಾಗುತ್ತಿದೆ. ದಯವಿಟ್ಟು ಕಾಯಿರಿ." ಐದು ನಿಮಿಷ ಅಲ್ಲೊಂದು ಚಕ್ರ ಸುಮ್ಮನೆ ಸುತ್ತುತ್ತಿತ್ತು.

ಸಾಹೇಬರು ಕಣ್ಣು ಅರಳಿಸಿದರು. "ನೋಡಿದ್ಯಾ, ತೂಕ ಅಂದ್ರೆ ಇದು!"

ಮೀಟಿಂಗ್ ಸಲೀಸಾಗಿ ನಡೆಯಿತು. ಡೀಸಿ ಹೊಗಳಿದರು. ಸಾಹೇಬರಿಗೆ ಬಡ್ತಿ ಸಿಕ್ಕಿತು. ಅವಳಿಗೆ ಸಿಕ್ಕಿದ್ದು ಅವರದೇ ಸಹಿಯ ಪತ್ರ: "ಕಚೇರಿಯ ಹೊರೆಯನ್ನು ಹಗುರಗೊಳಿಸಲು ತಮ್ಮ ಸೇವೆಯನ್ನು ಕೊನೆಗೊಳಿಸಲಾಗಿದೆ."

ಹೊರಡುವ ಮುನ್ನ ಅವಳು ಆ ಐದು ನಿಮಿಷವನ್ನು ಐವತ್ತು ಮಾಡಿದಳು.

ಬಡ್ತಿ ಸಿಕ್ಕ ಹೊಸ ಕಚೇರಿಗೂ ಅದೇ ಕಂಪ್ಯೂಟರ್ ಒಯ್ದ ಸಾಹೇಬರು ಇವತ್ತಿಗೂ ಚಕ್ರದ ಮುಂದೆ ಕೈಕಟ್ಟಿ ಕೂರುತ್ತಾರೆ. ಯಾಕಿಷ್ಟು ಹೊತ್ತು ಅಂತ ಯಾರಾದರೂ ಕೇಳಿದರೆ ಎದೆಯುಬ್ಬಿಸಿ ಹೇಳುತ್ತಾರೆ: "ನನಗೆ ಬಡ್ತಿ ಆಯ್ತಲ್ಲ, ಸಾಫ್ಟ್‌ವೇರ್ ತೂಕಾನೂ ಹೆಚ್ಚಿದೆ."